ಬರೋಕ್ ವಾಸ್ತುಶಿಲ್ಪಿಗೆ ಮೈಸೂರು ಪೇಟ

ನಮ್ಮ ಮನೆಯಲ್ಲಿ ಆರ್ಕಿಟೆಕ್ಟ್ ಅಂದರೆ ನನ್ನ ಗಂಡ. ಅವನು ಕಟ್ಟಡ ಕಟ್ಟುವುದಿಲ್ಲ. ಒಂದು ಬ್ಯಾಂಕಿನ ಕಂಪ್ಯೂಟರುಗಳು ಇನ್ನೊಂದು ಬ್ಯಾಂಕಿನ ಕಂಪ್ಯೂಟರುಗಳ ಜೊತೆ ಹೇಗೆ ಮಾತಾಡಬೇಕು ಎಂದು ಡಬ್ಬಿ ಡಬ್ಬಿಯಾಗಿ ಚಿತ್ರ ಬರೆಯುತ್ತಾನೆ. ಅವನ ಕಾರ್ಡಿನ ಮೇಲೆ ಸೊಲ್ಯೂಷನ್ ಆರ್ಕಿಟೆಕ್ಟ್ ಎಂದಿದೆ. ಮಧ್ಯಾಹ್ನ ಊಟದ ಹೊತ್ತಿಗೆ ನಾರ್ತ್ ಸಿಡ್ನಿಯ ಬೀದಿಯಲ್ಲಿ ಕನ್ನಡ ಕಿವಿಗೆ ಬಿದ್ದರೆ, ಮಾತಾಡುತ್ತಿರುವವರಲ್ಲಿ ಒಬ್ಬರಾದರೂ ಇಂಥ ಆರ್ಕಿಟೆಕ್ಟ್ ಆಗಿರುತ್ತಾರೆ. ನಾನು ಮೈಸೂರಿನಲ್ಲಿ ವಾಸ್ತುಶಿಲ್ಪವನ್ನೇ ಓದಿದವಳು, ಅದೇ ನಾರ್ತ್ ಸಿಡ್ನಿಯಲ್ಲಿ ಕಟ್ಟಡಗಳ ನಕ್ಷೆ ಬರೆದು ಬದುಕುತ್ತಿದ್ದವಳು, ಆ ಪದವನ್ನು ಬಳಸುವ ಹಾಗಿರಲಿಲ್ಲ. ಈ ದೇಶದಲ್ಲಿ ಕಟ್ಟಡದ ಆರ್ಕಿಟೆಕ್ಟ್ ಅನ್ನಿಸಿಕೊಳ್ಳಲು ರಿಜಿಸ್ಟ್ರೇಷನ್ ಬೇಕು, ಅದಕ್ಕೆ ಪರೀಕ್ಷೆ ಬೇಕು, ಪರೀಕ್ಷೆಗೆ ಕೂರಲು ಸರಿಯಾದ ಕೆಲಸದ ಅನುಭವ ಬೇಕು. ಅದಿಲ್ಲದೆ ಹೇಳಿಕೊಂಡರೆ ಕಾನೂನಿನ ಪ್ರಕಾರ ತಪ್ಪು. ಕಂಪ್ಯೂಟರಿನವರಿಗೆ ಆ ಕಟ್ಟುಪಾಡಿಲ್ಲ. ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. "ಬೇಕಾದ್ರೆ ನನ್ನ ಕಾರ್ಡ್ ಇಟ್ಕೊ" ಎಂದು ಗಂಡ ತಮಾಷೆ ಮಾಡುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

ನಾನು ಆರ್ಕಿಟೆಕ್ಟ್ ಎಂದು ಯಾವ ಅನುಮಾನವೂ ಇಲ್ಲದೆ ನಂಬಿದ್ದ ಒಬ್ಬರೇ ಒಬ್ಬರು ಈ ಖಂಡದಲ್ಲಿ ಇದ್ದರು. ಮೆಲ್ಬರ್ನಿನ ಹೊರವಲಯದ ಡ್ಯಾಂಡಿನಾಂಗ್‌ನಲ್ಲಿರುವ ನನ್ನ ಚಿಕ್ಕಮ್ಮ. ಅಮ್ಮನ ಕೊನೆಯ ತಂಗಿ. ನಾನು ಆಸ್ಟ್ರೇಲಿಯಾಕ್ಕೆ ಬಂದ ಮೊದಲ ವರ್ಷ ಇದ್ದದ್ದು ಅವರ ಮನೆಯಲ್ಲಿ. ಕೆಲಸ ಸಿಗದೆ ದಿನವಿಡೀ ಹಾಸಿಗೆಯಲ್ಲಿ ಬಿದ್ದುಕೊಂಡಿದ್ದವಳನ್ನು ಬೈದು ಎಬ್ಬಿಸಿ, ತಲೆಗೆ ಎಣ್ಣೆ ತಟ್ಟಿ, ಇಂಟರ್‌ವ್ಯೂಗೆ ತಮ್ಮದೇ ಕೋಟು ತೊಡಿಸಿ ಕಳಿಸಿದವರು ಅವರು. ಚಿಕ್ಕಪ್ಪ ಹುಬ್ಬಳ್ಳಿಯವರು, ಅಲ್ಲೇ ಒಂದು ಗೋಡೌನಿನಲ್ಲಿ ಸೂಪರ್‌ವೈಸರ್. ಮಾತು ಕಡಿಮೆ, ಆಡಿದರೆ ಇವತ್ತಿಗೂ ಪಕ್ಕಾ ಹುಬ್ಬಳ್ಳಿ.

ಚಿಕ್ಕಮ್ಮ ಕನ್ನಡ ಸಂಘದ ಹಬ್ಬಗಳಲ್ಲಿ ನನ್ನನ್ನು ತೋಳು ಹಿಡಿದು ಎಳೆದುಕೊಂಡು ಹೋಗಿ ಪರಿಚಯಿಸುತ್ತಿದ್ದರು.

"ನಮ್ಮಕ್ಕನ ಮಗಳು. ಆರ್ಕಿಟೆಕ್ಟು. ನಿಮ್ಮ ಹುಡುಗರ ಥರ ಕಂಪ್ಯೂಟರ್ ಆರ್ಕಿಟೆಕ್ಟ್ ಅಲ್ಲ, ನಿಜವಾದ್ದು. ಸಿಡ್ನಿಲಿ ಏಳ್ತಿರೋ ಬಿಲ್ಡಿಂಗೆಲ್ಲ ಇವಳದ್ದೇ."

ಆಗ ನಾನು ಬರೆಯುತ್ತಿದ್ದದ್ದು ಕಾರ್ ಪಾರ್ಕುಗಳು ಮತ್ತು ಟಾಯ್ಲೆಟ್ಟುಗಳು. ಯಾವ ಬಾಗಿಲು ಯಾವ ಕಡೆ ತೆರೆದುಕೊಳ್ಳಬೇಕು ಎಂಬುದನ್ನು ಗುರುತು ಹಾಕುವುದು. "ಹಾಗಲ್ಲ ಚಿಕ್ಕಮ್ಮ" ಎಂದು ನಾನು ಒಮ್ಮೆಯೂ ಹೇಳಲಿಲ್ಲ. ಆ ಒಂದು ಜಾಗದಲ್ಲಿ ಮಾತ್ರ ನಾನು ಓದಿದ್ದಕ್ಕೆ ತಕ್ಕವಳಾಗಿದ್ದೆ, ಅದನ್ನು ಯಾಕೆ ಕೆಡಿಸಿಕೊಳ್ಳಲಿ ಅನ್ನಿಸುತ್ತಿತ್ತು.

ಹೀಗಿರುವಾಗ ಒಂದು ವರ್ಷ ನಮ್ಮ ಆಫೀಸಿಗೆ ಒಂದು ವಿಚಿತ್ರ ಕೆಲಸ ಬಂತು. ಹಳೆಯ ಕಟ್ಟಡಗಳನ್ನು ಪ್ರೀತಿಸುವವರದೊಂದು ಕೂಟ ಮೆಲ್ಬರ್ನಿನಲ್ಲಿದೆ. ಬರೋಕ್ ಎಂಬ ಹಳೆಯ ಆಡಂಬರದ ಶೈಲಿಯಲ್ಲಿ ಕಟ್ಟುತ್ತಿದ್ದ ಇಂಗ್ಲೆಂಡಿನ ಒಬ್ಬ ವಾಸ್ತುಶಿಲ್ಪಿಯನ್ನು ನೆನೆದು ಅವರು ಒಂದು ಸಂಜೆ ಏರ್ಪಡಿಸಿದ್ದರು. ಅವನು ಸತ್ತು ಸುಮಾರು ಮುನ್ನೂರು ವರ್ಷವಾಗಿದೆ. ಹಳ್ಳಿಗಾಡಿನಲ್ಲಿ ಶ್ರೀಮಂತರಿಗೆ ಕಂಟ್ರಿ ಹೌಸ್ ಎಂಬ ಅರಮನೆಯಂಥ ಮನೆಗಳನ್ನು ಕಟ್ಟಿಕೊಟ್ಟವನು. ನಮ್ಮ ಆಫೀಸಿನ ಯಜಮಾನರು ಅಲ್ಲಿ ಭಾಷಣ ಮಾಡುವುದೆಂದೂ, ಅವನ ಒಂದು ದೊಡ್ಡ ಮನೆಯನ್ನು ಕಂಪ್ಯೂಟರಿನಲ್ಲಿ ಪೂರ್ತಿ ಕಟ್ಟಿ, ಒಳಗೆ ಓಡಾಡಿಸಿ ತೋರಿಸುವುದೆಂದೂ ತೀರ್ಮಾನವಾಯಿತು. ಕಟ್ಟುವ ಕೆಲಸ ನನಗೆ ಬಂತು.

ನನಗೆ ಅವನ ಮೇಲೆ ಪ್ರೀತಿಯೇ ಹುಟ್ಟಿಬಿಟ್ಟಿತು ಅನ್ನಬೇಕು. ಏನು ದರ್ಪ, ಏನು ಧಾರಾಳ! ಒಂದು ಬಾಗಿಲು ಸಾಕಾಗುವ ಕಡೆ ಆಳೆತ್ತರದ ಮೆಟ್ಟಿಲು, ಮೆಟ್ಟಿಲಿನ ಮೇಲೆ ಕಂಬಗಳ ಸಾಲು, ಕಂಬಗಳ ಮೇಲೆ ಕಲ್ಲಿನ ಹೂದಾನಿ, ಅದರ ಮೇಲೆ ಕಲ್ಲಿನದೇ ಬೆಂಕಿ. ಮೈಸೂರಿನಲ್ಲಿ ದಸರೆಯ ದೀಪ ನೋಡಿ ಬೆಳೆದವಳಿಗೆ ಆಡಂಬರದ ಬಗ್ಗೆ ನಾಚಿಕೆಯಿಲ್ಲ. ಈ ದೇಶದವರ ಬಿಳಿ ಗೋಡೆ, ಬೋಳು ಕಿಟಕಿಗಳ ನಡುವೆ ಇದ್ದೂ ಇದ್ದೂ ನನಗೆ ಹಸಿವಾಗಿತ್ತು. ಒಂದೊಂದೇ ಕಂಬವನ್ನು ಎತ್ತಿ ನಿಲ್ಲಿಸುತ್ತಾ ಹೋದೆ.

ಒಳಗಿನ ನಕ್ಷೆಯಲ್ಲಿ ಇನ್ನೊಂದು ಸಂಗತಿ ಕಂಡಿತು. ಅಡುಗೆಮನೆಯನ್ನು ಬಹಳ ದೂರದಲ್ಲಿಟ್ಟಿದ್ದರು. ಅಲ್ಲಿಂದ ಊಟದ ಹಾಲಿಗೆ ಗೋಡೆಗಳ ಹಿಂದೆಯೇ ಒಂದು ಇಕ್ಕಟ್ಟಾದ ಓಣಿ ಬರುತ್ತಿತ್ತು. ಆಳುಗಳು ಓಡಾಡಲು. ಮುಂದಿನಿಂದ ಬರುವ ಅತಿಥಿಗೆ ಆ ಮನೆಯಲ್ಲಿ ಬೇಯಿಸುವವರು, ಬಳಿಯುವವರು ಇದ್ದಾರೆಂದೇ ಗೊತ್ತಾಗಬಾರದು. ಆ ಓಣಿಯನ್ನೂ ನಾನು ಶ್ರದ್ಧೆಯಿಂದ ಕಟ್ಟಿದೆ. ಯಜಮಾನರಿಗೆ ಅದು ಬಹಳ ಹಿಡಿಸಿತು.

"ಆ ಸಂಜೆ ಕೂಟದ ಅಧ್ಯಕ್ಷೆಗೆ ನಿನ್ನನ್ನು ಪರಿಚಯ ಮಾಡಿಸುತ್ತೇನೆ. ಅವರು ಒಂದು ಹಳೆಯ ಬಂಗಲೆಯನ್ನು ಸರಿಪಡಿಸಲು ಹೊರಟಿದ್ದಾರೆ. ಅವರಿಗೆ ನೀನು ಒಪ್ಪಿಗೆಯಾದರೆ ಆ ಕೆಲಸ ನಿನಗೆ ಕೊಡುತ್ತೇನೆ" ಎಂದರು.

ನಿಜವಾದ ಕಟ್ಟಡ, ನಿಜವಾದ ಅನುಭವ, ಆಮೇಲೆ ಪರೀಕ್ಷೆ, ರಿಜಿಸ್ಟ್ರೇಷನ್. ಚಿಕ್ಕಮ್ಮ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಮಾತು ಕೊನೆಗೂ ನಿಜವಾಗಬಹುದು. ಆ ಸಂಜೆ ನನಗೆ ಅಷ್ಟು ಮುಖ್ಯವಾಗಿತ್ತು.

ಈಗ ಬರೋಕ್ ಎಂಬ ಆ ಪದದ ವಿಷಯ ಹೇಳಬೇಕು. ಮೈಸೂರಿನ ಕಾಲೇಜಿನಲ್ಲಿ ನಮಗೆ ಪಾಠ ಮಾಡಿದವರು 'ಬರೋಕ್' ಎನ್ನುತ್ತಿದ್ದರು. ಹಿಂದಿನ ಬೆಂಚಿನವರು ಅದನ್ನು ಬಿಟ್ಟಾರೆಯೇ? "ಸಾರ್, ನಾಳೆ ಕ್ಲಾಸಿಗೆ ಬರೋಕ್ ಆಗಲ್ಲ" ಎಂದು ಇಡೀ ಸೆಮಿಸ್ಟರ್ ಗೋಳು ಹುಯ್ದುಕೊಂಡಿದ್ದೆವು. ಸಿಡ್ನಿಗೆ ಬಂದ ಮೇಲೆ ನೋಡಿದರೆ ಇಲ್ಲಿಯವರು 'ಬರಾಕ್' ಎನ್ನುತ್ತಾರೆ. ಮೈಸೂರಿನ ಬಾಯಲ್ಲಿ ಬರೋಕೆ, ಹುಬ್ಬಳ್ಳಿಯ ಬಾಯಲ್ಲಿ ಬರಾಕ. ಹೇಗೆ ಉಚ್ಚರಿಸಿದರೂ ನಮ್ಮವರ ಕಿವಿಗೆ ಅದು ಬರುವುದಕ್ಕೆ ಸಂಬಂಧಪಟ್ಟ ಮಾತು. ಇದೆಲ್ಲ ಗೊತ್ತಿದ್ದೂ, ಬೇಕಾದ ದಿನ ನನಗೆ ನೆನಪಾಗಲಿಲ್ಲ.

ಆ ವಾರ ನಾರ್ತ್ ಸಿಡ್ನಿ ಸ್ಟೇಷನ್ನಿನಲ್ಲಿ ಮನೆಗೆ ಹೋಗುವ ಟ್ರೈನಿಗೆ ಕಾಯುತ್ತಿದ್ದೆ. ಚಿಕ್ಕಮ್ಮನ ಫೋನು. ಶನಿವಾರ ಮೆಲ್ಬರ್ನಿಗೆ ಬರುತ್ತಿರುವುದನ್ನು ಅಮ್ಮನ ಮೂಲಕ ಹೇಗೋ ತಿಳಿದುಕೊಂಡಿದ್ದರು. ನಾನೇ ಹೇಳಿರಲಿಲ್ಲ. ಆಫೀಸಿನವರು ಹೋಟೆಲ್ ಬುಕ್ ಮಾಡಿದ್ದರು, ಡ್ಯಾಂಡಿನಾಂಗ್‌ವರೆಗೆ ಹೋಗಿ ಬರುವ ರಗಳೆ ಬೇಡವೆಂದು ಸುಮ್ಮನಿದ್ದೆ.

"ಏನೇ ಪುಟ್ಟಿ, ಮೆಲ್ಬರ್ನಿಗೆ ಬರ್ತಿದ್ದೀಯಂತೆ, ಚಿಕ್ಕಮ್ಮಂಗೆ ಹೇಳೋದಲ್ವಾ? ಏನು ಫಂಕ್ಷನ್ನು?"

"ಆಫೀಸಿಂದು ಚಿಕ್ಕಮ್ಮ. ಡಾಕ್‌ಲ್ಯಾಂಡ್ಸಲ್ಲಿ. ಆರ್ಕಿಟೆಕ್ಟ್‌ಗೆ ಒಂದು ಸೆಲೆಬ್ರೇಷನ್ ಇಟ್ಕೊಂಡಿದಾರೆ."

"ಅಯ್ಯೋ ನನ್ನ ಬಂಗಾರ! ಆರ್ಕಿಟೆಕ್ಟ್‌ಗಾ?"

"ಹ್ಞೂಂ. ಬರೋಕ್, ಕಂಟ್ರಿ ಹೌಸು, ಅದೆಲ್ಲ."

"ಬರೋಕಾ? ನಮಗಾ?"

ಟ್ರೈನು ಬ್ರೇಕ್ ಹಾಕುತ್ತಾ ಬಂದು ನಿಂತಿತು. ಅವರು ಕೇಳಿದ್ದರಲ್ಲಿ ಮೊದಲ ಅರ್ಧ ಮಾತ್ರ ನನಗೆ ಕೇಳಿಸಿತು.

"ಹ್ಞೂಂ ಚಿಕ್ಕಮ್ಮ, ಬರೋಕು. ಟ್ರೈನ್ ಬಂತು, ಇಡ್ತೀನಿ."

ಅಷ್ಟೇ ನಡೆದದ್ದು. ಅಕ್ಕನ ಮಗಳು ಆರ್ಕಿಟೆಕ್ಟ್‌ಗೆ ಸಂಭ್ರಮವೆಂದಳು, ಕಂಟ್ರಿ ಹೌಸ್ ಎಂದಳು, ಅದು ಹಾಲಿನ ಹೆಸರಿರಬೇಕು, ಬರೋಕೆ ಹೇಳಿದಳು. ಆ ಮಾತಿಗೆ ಚಿಕ್ಕಮ್ಮ ಬೇರೆ ಯಾವ ಅರ್ಥ ಮಾಡಿಕೊಳ್ಳಬೇಕಿತ್ತು?

ಶನಿವಾರ ಸಂಜೆ ಮೆಲ್ಬರ್ನಿನ ಹಳೆಯ ಬಂದರು ಡಾಕ್‌ಲ್ಯಾಂಡ್ಸಿನಲ್ಲಿ ಗಾಳಿ ಎಂದರೆ ಗಾಳಿ. ನೀರಿನ ಪಕ್ಕದ ಒಂದು ಟವರಿನ ಕೆಳಗಿನ ಹಾಲಿನ ಹೊರಗೆ 'ಕಂಟ್ರಿ ಹೌಸ್' ಎಂದು ದೊಡ್ಡ ಬೋರ್ಡು ನಿಲ್ಲಿಸಿ, ಒಳಗೆ ಮೇಣದಬತ್ತಿ ಹಚ್ಚಿದ್ದರು, ಮೂಲೆಯಲ್ಲಿ ಪಿಟೀಲು ನುಡಿಸುವವರು ಕೂತಿದ್ದರು. ನಡುವೆ ದೊಡ್ಡ ಪರದೆ. ಅದರ ಪಕ್ಕ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ, ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ವಾಸ್ತುಶಿಲ್ಪಿಯ ಭಾವಚಿತ್ರ. ಭುಜದವರೆಗೆ ಗುಂಗುರು ಗುಂಗುರಾದ ಕೃತಕ ಕೂದಲು, ಎಲ್ಲರ ಮೇಲೂ ಸ್ವಲ್ಪ ಕರುಣೆ ತೋರುವಂಥ ಕಣ್ಣು. ನಾನು ಕಪ್ಪು ಪ್ಯಾಂಟು, ಕಪ್ಪು ಷರ್ಟು ಹಾಕಿಕೊಂಡು ಲ್ಯಾಪ್‌ಟಾಪಿನ ಹಿಂದೆ ನಿಂತಿದ್ದೆ. ತಿಂಡಿಯ ತಟ್ಟೆ ಹಿಡಿದು ಓಡಾಡುತ್ತಿದ್ದವರೂ ಕಪ್ಪು ಪ್ಯಾಂಟು, ಕಪ್ಪು ಷರ್ಟು ಹಾಕಿದ್ದರು. ಒಬ್ಬರು ಖಾಲಿ ಗ್ಲಾಸನ್ನು ನನ್ನ ಕೈಗೇ ಕೊಟ್ಟು ಹೋದರು. ನಾನು ಅದನ್ನು ಮೇಜಿನ ಕೆಳಗಿಟ್ಟೆ.

ಅಷ್ಟರಲ್ಲಿ ಬಾಗಿಲ ಹತ್ತಿರ ಬಣ್ಣ ಕಂಡಿತು. ಕಡುಹಸಿರು ಮೈಸೂರು ಸಿಲ್ಕು. ತಲೆ ತುಂಬ ಹೂವು. ಹಿಂದೆ ಸೂಟು ಹಾಕಿದ ಚಿಕ್ಕಪ್ಪ, ಎರಡೂ ಕೈಯಲ್ಲಿ ಒಂದು ರಟ್ಟಿನ ಡಬ್ಬಿ ಹಿಡಿದುಕೊಂಡು, ಒಳಗೆ ಮೊಟ್ಟೆಯಿದೆಯೇನೋ ಅನ್ನುವಷ್ಟು ಜೋಪಾನವಾಗಿ ಹೆಜ್ಜೆಯಿಡುತ್ತಿದ್ದರು. ಚಿಕ್ಕಮ್ಮನ ಕೈಯಲ್ಲಿ ಹಣ್ಣಿನ ತಟ್ಟೆ, ತಟ್ಟೆಯ ಮೇಲೆ ಮಡಿಸಿದ ಜರತಾರಿ ಶಾಲು, ಶಾಲಿನ ಮೇಲೆ ಸೇವಂತಿಗೆಯ ಹಾರ. ನೋಡಿದ ಕೂಡಲೇ ನನಗೆ ಅರ್ಥವಾಯಿತು. ಸನ್ಮಾನ. ಆ ಡಬ್ಬಿಯಲ್ಲಿದ್ದದ್ದು ಮೈಸೂರು ಪೇಟ. ರಾಜ್ಯೋತ್ಸವಕ್ಕೆ ಬರುವ ಮುಖ್ಯ ಅತಿಥಿಯ ತಲೆಗಿಡಲು ಸಂಘದ ಬೀರುವಿನಲ್ಲಿ ಇಟ್ಟಿರುತ್ತಾರಲ್ಲ, ಅದನ್ನೇ ಕೇಳಿ ತಂದಿದ್ದರು. ನನ್ನ ತಲೆಗೆ.

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬಾಗಿಲಲ್ಲಿ ನಿಂತಿದ್ದ ಹುಡುಗಿಗೆ ಚಿಕ್ಕಮ್ಮ ದೊಡ್ಡ ದನಿಯಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು: "ನಾವು ಆರ್ಕಿಟೆಕ್ಟ್ ಕಡೆಯವರು." ಆ ಹುಡುಗಿಗೆ ಏನರ್ಥವಾಯಿತೋ, ತಲೆಬಾಗಿ ಒಳಗೆ ಬಿಟ್ಟಳು.

ಲ್ಯಾಪ್‌ಟಾಪ್ ಬಿಟ್ಟು ಓಡಿದೆ. ಚಿಕ್ಕಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇದೇನೇ ಇದು, ಕರಿ ಬಟ್ಟೆ! ಒಳ್ಳೆ ದಿನ ಒಂದು ಸೀರೆ ಉಡ್ಬಾರ್ದಾ? ಎಲ್ಲಿ ನಿನ್ನ ಸ್ಟೇಜು?"

ನನ್ನ ಬಾಯಿಂದ ಬಂದ ಮೊದಲ ಮಾತು: "ಯಾಕೆ ಬಂದ್ರಿ?"

ಚಿಕ್ಕಮ್ಮನಿಗೆ ಅದು ತಮಾಷೆಯಾಗಿ ಕೇಳಿಸಿತು.

"ನೀನೇ ತಾನೇ ಬರೋಕೆ ಹೇಳಿದ್ದು? ಎರಡು ಸಲ ಕೇಳ್ದೆ. ಹ್ಞೂಂ ಅಂದೆ."

"ಅದು ಬರೋಕೆ ಅಲ್ಲ ಚಿಕ್ಕಮ್ಮ! ಬರೋಕ್! ಅದೊಂದು ಸ್ಟೈಲು. ಆರ್ಕಿಟೆಕ್ಟ್ ಅಂದ್ರೆ ನಾನಲ್ಲ, ಅಲ್ಲಿ ಫೋಟೋದಲ್ಲಿದಾನಲ್ಲ, ಅವನು. ಸತ್ತೋಗಿದಾನೆ. ನಾನು ಬರೀ ಕಂಪ್ಯೂಟರ್ ಆಪರೇಟ್ ಮಾಡಕ್ಕೆ ಬಂದಿರೋಳು. ನಾನು ಆರ್ಕಿಟೆಕ್ಟೂ ಅಲ್ಲ, ಏನೂ ಅಲ್ಲ. ಈಗ ಇದನ್ನೆಲ್ಲ ತಗೊಂಡು..."

ಇಷ್ಟು ವರ್ಷ ಹೇಳದೇ ಇದ್ದದ್ದನ್ನು ಒಂದೇ ಉಸಿರಿಗೆ, ಹಲ್ಲು ಕಚ್ಚಿಕೊಂಡು, ಬುಸುಗುಟ್ಟುತ್ತಾ ಹೇಳಿದೆ. ಹೇಳುತ್ತಿರುವಾಗಲೇ ನನ್ನ ಕೈ ಅವರ ಮೊಣಕೈ ಹಿಡಿದು ತಿಂಡಿಯವರು ಓಡಾಡುವ ಪಕ್ಕದ ಬಾಗಿಲಿನ ಕಡೆಗೆ ತಳ್ಳುತ್ತಿತ್ತು. ಆ ಬಾಗಿಲ ಹಿಂದೆ ಒಂದು ಓಣಿ ಇತ್ತು, ಅಲ್ಲಿಂದ ಹೊರಗೆ ದಾರಿ. ಮಧ್ಯಾಹ್ನ ಲ್ಯಾಪ್‌ಟಾಪು, ಪರದೆ ಜೋಡಿಸಲು ಬಂದಾಗಲೇ ಅದನ್ನು ನೋಡಿಕೊಂಡಿದ್ದೆ.

ಚಿಕ್ಕಮ್ಮ ನನ್ನ ಕೈಯನ್ನು ನೋಡಿದರು. ಆಮೇಲೆ ಬಾಗಿಲನ್ನು. ಅವರು ದಡ್ಡರಲ್ಲ. ಮುಖದಲ್ಲಿದ್ದ ನಗು ಹೋಗಲಿಲ್ಲ, ಆದರೆ ಅದು ಅಲ್ಲೇ ನಿಂತುಬಿಟ್ಟಿತು. ಚಿಕ್ಕಪ್ಪ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನೆಲ ನೋಡುತ್ತಿದ್ದರು.

ಅದೇ ಗಳಿಗೆಗೆ ಯಜಮಾನರು ಅಧ್ಯಕ್ಷೆಯನ್ನು ಜೊತೆಗೆ ಕರೆದುಕೊಂಡು ನಮ್ಮ ಕಡೆಗೇ ಬಂದರು. ಅಧ್ಯಕ್ಷೆ ಬೆಳ್ಳಿಕೂದಲಿನ, ಮುತ್ತಿನ ಸರದ ಹೆಂಗಸು. ಕಣ್ಣೆಲ್ಲ ಆ ಹಾರದ ಮೇಲೆ.

"ಎಷ್ಟು ಚೆನ್ನಾಗಿದೆ! ಇವರು ನಿಮ್ಮ ಪರಿಚಯದವರೇ?" ಎಂದು ನನ್ನನ್ನು ಕೇಳಿದರು.

ಸುಲಭದ ಪ್ರಶ್ನೆ. ಹೌದು, ನನ್ನ ಚಿಕ್ಕಮ್ಮ. ಅಷ್ಟು ಹೇಳಲು ಎಷ್ಟು ಹೊತ್ತು ಬೇಕು? ಆದರೆ ಅದರ ಹಿಂದೆಯೇ ಬರುವ ಪ್ರಶ್ನೆಗಳು ನನ್ನ ತಲೆಯಲ್ಲಿ ಆಗಲೇ ಸಾಲುಗಟ್ಟಿದ್ದವು. ಯಾರಿಗೆ ಈ ಹಾರ? ನಿನಗೇ? ನೀನು ಆರ್ಕಿಟೆಕ್ಟ್ ಎಂದು ಹೇಳಿಕೊಂಡಿದ್ದೀಯಾ? ಯಜಮಾನರ ಎದುರಿಗೇ, ಆ ಬಂಗಲೆಯ ಕೆಲಸ ಕೊಡಬೇಕಾದ ಹೆಂಗಸಿನ ಎದುರಿಗೇ. ನಾನು ಬಾಯಿ ತೆರೆದೆ. ತಡವರಿಸಿದೆ. ಆ ತಡವರಿಕೆ ಬಹಳ ಚಿಕ್ಕದು, ಆದರೆ ಚಿಕ್ಕಮ್ಮನಿಗೆ ಸಾಕಾಯಿತು.

"ನೋ ನೋ" ಎಂದರು ಅವರು, ನನಗಿಂತ ಮೊದಲು. ಅವರ ಇಂಗ್ಲಿಷು ನಿಧಾನ, ಆದರೆ ಖಚಿತ. "ಇವಳು ನಮಗೆ ಗೊತ್ತಿಲ್ಲ. ನಾವು ಡ್ಯಾಂಡಿನಾಂಗ್‌ನವರು. ದೊಡ್ಡ ಆರ್ಕಿಟೆಕ್ಟ್‌ಗೆ ಮರ್ಯಾದೆ ಮಾಡಲು ಬಂದೆವು. ನಮ್ಮಲ್ಲಿ ಹೀಗೇ ಮಾಡುವುದು."

ಹೇಳಿದವರೇ ನನ್ನ ಪಕ್ಕದಿಂದ ಹಾದು, ನೇರವಾಗಿ ಹಾಲಿನ ನಡುವೆ ನಡೆದುಕೊಂಡು ಹೋದರು. ಭಾವಚಿತ್ರದ ಮುಂದೆ ನಿಂತು ಒಂದು ಕ್ಷಣ ಅವನ ಮುಖ ನೋಡಿದರು. ಆಮೇಲೆ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟರು. ಹಣ್ಣಿನ ತಟ್ಟೆಯನ್ನು ಸ್ಟ್ಯಾಂಡಿನ ಕೆಳಗಿಟ್ಟು, ಹಾರವನ್ನು ಬಿಡಿಸಿ, ಚೌಕಟ್ಟಿನ ಎರಡೂ ಮೂಲೆಗೆ ಸಿಕ್ಕಿಸಿದರು. ಬದುಕಿದ್ದವರ ಕೊರಳಿಗೆ ಹಾಕಲು ಕಟ್ಟಿದ ಹಾರ ಸತ್ತವನ ಪಟಕ್ಕೆ ಸ್ವಲ್ಪ ಉದ್ದವಾಯಿತು, ಕೆಳಗೆ ಜೋತುಬಿತ್ತು. ಶಾಲು ಬಿಚ್ಚಿ ಚೌಕಟ್ಟಿನ ಹೆಗಲಿಗೆ ಹೊದಿಸಿದರು. ಚಿಕ್ಕಪ್ಪನ ಕಡೆ ಕೈ ಚಾಚಿದರು. ಚಿಕ್ಕಪ್ಪ ಡಬ್ಬಿ ತೆರೆದು ಪೇಟ ಕೊಟ್ಟರು. ಅದನ್ನು ಚೌಕಟ್ಟಿನ ಮೇಲೆ, ಆ ಗುಂಗುರು ಕೂದಲಿನ ನೇರಕ್ಕೆ ಇಟ್ಟು, ಓರೆಯಾಗಿದ್ದನ್ನು ಸರಿ ಮಾಡಿ, ಕೈ ಮುಗಿದರು.

ಪಿಟೀಲು ನಿಂತಿತ್ತು. ಹಾಲಿನಲ್ಲಿದ್ದ ಎಲ್ಲರೂ ಅತ್ತಲೇ ನೋಡುತ್ತಿದ್ದರು. ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ. ಫೋನುಗಳು ಮೇಲೆದ್ದವು. ಅಧ್ಯಕ್ಷೆ ಕಣ್ಣು ಒರೆಸಿಕೊಂಡರು. ಜರತಾರಿ ಪೇಟ, ಚಿನ್ನದ ಚೌಕಟ್ಟು, ಹಳದಿ ಹೂವು, ಆ ದರ್ಪದ ಮುಖ. ನಿಜ ಹೇಳಬೇಕೆಂದರೆ ಅವನಿಗೆ ಅದು ಬಹಳ ಒಪ್ಪುತ್ತಿತ್ತು. ಆ ಸಂಜೆ ಅವನ ಸ್ವಭಾವ ಅರಿತು ಅವನಿಗೆ ಯಾರಾದರೂ ಏನಾದರೂ ಕೊಟ್ಟಿದ್ದರೆ ಅದು ನನ್ನ ಚಿಕ್ಕಮ್ಮ.

ಅವರಿಬ್ಬರನ್ನೂ ಮೊದಲ ಸಾಲಿನಲ್ಲಿ ಕೂರಿಸಿದರು. ನಾನು ಲ್ಯಾಪ್‌ಟಾಪಿನ ಹಿಂದೆ ಹೋಗಿ ನಿಂತೆ. ಯಜಮಾನರ ಭಾಷಣ ಶುರುವಾಯಿತು, ಬಾಯಿ ತೆರೆದರೆ ಬರಾಕ್, ಬರಾಕ್. ಚಿಕ್ಕಪ್ಪ ಪ್ರತಿ ಸಲ ತಲೆಯೆತ್ತುತ್ತಿದ್ದರು. ಕೊನೆಗೆ ಚಿಕ್ಕಮ್ಮನ ಕಡೆ ಬಾಗಿ ಕೇಳಿದ್ದು ನನಗೆ ಕೇಳಿಸಿತು.

"ಇವಾ ಯಾರಿಗೆ ಬರಾಕ ಹೇಳಾಕತ್ತಾನ?"

"ನಮಗಲ್ಲ. ಸುಮ್ನಿರಿ" ಎಂದರು ಚಿಕ್ಕಮ್ಮ.

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಪರದೆಯ ಮೇಲೆ ನಾನು ಕಟ್ಟಿದ ಮನೆ ಮೂಡಿತು. ಮೆಟ್ಟಿಲು, ಕಂಬ, ಹೂದಾನಿ. ಚಿಕ್ಕಮ್ಮ ಕುತ್ತಿಗೆ ಮುಂದೆ ಮಾಡಿ ನೋಡುತ್ತಿದ್ದರು. ಇದನ್ನು ಯಾರು ಮಾಡಿದ್ದೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಆದರೆ ಗೊತ್ತಾಗಿತ್ತು ಅನ್ನಿಸುತ್ತದೆ. ಒಮ್ಮೆ ಮಾತ್ರ ಹಿಂದಕ್ಕೆ ತಿರುಗಿ, ಯಾರಿಗೂ ಕಾಣದ ಹಾಗೆ, ಹುಬ್ಬು ಹಾರಿಸಿ, ಚೆನ್ನಾಗಿದೆ ಎಂದು ತಲೆಯಾಡಿಸಿದರು. ನನ್ನ ಬೆರಳು ತಪ್ಪು ಕೀ ಒತ್ತಿತು. ಪರದೆ ಊಟದ ಹಾಲಿನಿಂದ ಗೋಡೆಯ ಹಿಂದಿನ ಓಣಿಗೆ ಹಾರಿತು. ಯಜಮಾನರು ನಗುತ್ತಾ, ಇದು ಆಳುಗಳ ದಾರಿ, ಇಲ್ಲಿಂದ ಬಂದವರು ಅತಿಥಿಗಳಿಗೆ ಕಾಣುವುದಿಲ್ಲ ಎಂದು ವಿವರಿಸಿದರು. ನಾನು ಮುಂದಿನ ಚಿತ್ರಕ್ಕೆ ಹೋಗಲು ಬಹಳ ಹೊತ್ತು ತೆಗೆದುಕೊಂಡೆ.

ಮುಗಿದ ಮೇಲೆ ಅಧ್ಯಕ್ಷೆ ನನ್ನ ಬಳಿ ಬಂದರು. ಮನೆಯನ್ನು ಬಹಳ ಹೊಗಳಿದರು. ಬಂಗಲೆಯ ವಿಷಯ ಎತ್ತಿದರು. ಆಮೇಲೆ ಚಿಕ್ಕಮ್ಮನ ಕಡೆ ನೋಡಿ ಹೇಳಿದರು: "ಎಂಥ ಅದ್ಭುತ ಹೆಂಗಸು! ನಿಮ್ಮ ಭಾಷೆಯವರೇ ಇರಬೇಕು, ನೀವು ಮಾತಾಡುತ್ತಿದ್ದಿರಲ್ಲ?"

ಇನ್ನೊಂದು ಅವಕಾಶ. ಇದನ್ನು ನಾನು ಬೇಡಿಕೊಂಡಿರಲಿಲ್ಲ, ತಾನಾಗಿ ಬಂದಿತ್ತು. ಚಿಕ್ಕಮ್ಮ ಮೂರು ಮಾರು ದೂರದಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

"ಹೌದು" ಎಂದೆ. "ನಮ್ಮ ಊರಿನ ಕಡೆಯವರು."

ಗೊತ್ತಿಲ್ಲವೆಂದು ಅವರು ಹೇಳಿದ್ದು ನನಗಾಗಿ. ನಾನು ಇದನ್ನು ಹೇಳಿದ್ದು ಕೂಡ ನನಗಾಗಿಯೇ. ಚಿಕ್ಕಮ್ಮ ತಲೆಯೆತ್ತಲಿಲ್ಲ. ಅವರಿಗೆ ಇಂಗ್ಲಿಷ್ ಚೆನ್ನಾಗಿ ಅರ್ಥವಾಗುತ್ತದೆ.

ಗಾಜಿನ ಆಚೆ ಅವರಿಬ್ಬರೂ ಟ್ರ್ಯಾಮ್ ಸ್ಟಾಪಿನ ಕಡೆ ನಡೆಯುವುದು ಕಾಣಿಸಿತು. ಗಾಳಿಗೆ ಸೆರಗು ಹಾರುತ್ತಿತ್ತು. ಚಿಕ್ಕಪ್ಪ ಖಾಲಿ ಡಬ್ಬಿಯನ್ನು ಇನ್ನೂ ಎರಡೂ ಕೈಯಲ್ಲೇ ಹಿಡಿದಿದ್ದರು. ಪೇಟವನ್ನು ಪಟದ ಮೇಲೆಯೇ ಬಿಟ್ಟುಬಂದಿದ್ದರು. ಮರ್ಯಾದೆಗೆ ಇಟ್ಟದ್ದನ್ನು ವಾಪಸು ಕೇಳುವುದಿಲ್ಲ. ಸಂಘಕ್ಕೆ ಏನು ಉತ್ತರ ಹೇಳಿದರೋ ಕಾಣೆ. ಓಡಿಹೋಗಿ ಹಿಡಿಯಬಹುದಿತ್ತು, ಟ್ರ್ಯಾಮ್ ಇನ್ನೂ ಬಂದಿರಲಿಲ್ಲ. ನಾನು ವೈರುಗಳನ್ನು ಸುತ್ತಿದೆ. ಹೋಟೆಲಿಗೆ ಹೋದೆ. ಬೆಳಿಗ್ಗೆ ಏರ್‌ಪೋರ್ಟಿನಿಂದ ಫೋನು ಮಾಡಿದೆ. "ಆರಾಮಾಗಿ ಹೋಗು ಪುಟ್ಟಿ, ಊಟ ಸರಿಯಾಗಿ ಮಾಡು" ಎಂದರು. ಹಿಂದಿನ ಸಂಜೆಯ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರು ಬೈದಿದ್ದರೆ ನಾನು ಅಲ್ಲೇ ಅತ್ತುಬಿಡುತ್ತಿದ್ದೆ. ಬೈಯಲಿಲ್ಲ.

ಆ ಸಂಜೆ ಯಾರೋ ತೆಗೆದ ಒಂದು ಫೋಟೋ ಈಗ ನಾರ್ತ್ ಸಿಡ್ನಿಯ ನಮ್ಮ ಆಫೀಸಿನ ರಿಸೆಪ್ಷನ್ನಿನಲ್ಲಿ ತೂಗುಹಾಕಿದೆ. ಪೇಟ ಧರಿಸಿದ ಬರೋಕ್ ವಾಸ್ತುಶಿಲ್ಪಿ. ಪೇಟವನ್ನು ಸರಿಮಾಡುತ್ತಿರುವ ಎರಡು ಕೈಗಳು, ಹಸಿರು ಬಳೆ, ಮುಖವಿಲ್ಲ. ಬಂದವರೆಲ್ಲ ಅದರ ಮುಂದೆ ನಿಲ್ಲುತ್ತಾರೆ. ಇಡೀ ಆಚರಣೆಯಲ್ಲಿ ಉಳಿದದ್ದು ಅದೊಂದೇ ಚಿತ್ರ ಎಂದು ಯಜಮಾನರು ಹೆಮ್ಮೆಯಿಂದ ಹೇಳುತ್ತಾರೆ. ಇದು ಯಾರ ಕೈ ಎಂದು ಯಾರಾದರೂ ಕೇಳಿದರೆ, ಯಾರೋ ಇವಳ ಊರಿನ ಕಡೆಯವರು ಎಂದು ನನ್ನ ಕಡೆ ತೋರಿಸುತ್ತಾರೆ. ಆ ಬಳೆ ಚಿಕ್ಕಮ್ಮ ನನ್ನ ಸೀಮಂತಕ್ಕೆ ಬಂದಾಗ ತೊಟ್ಟುಕೊಂಡ ಬಳೆ. ದಿನಾ ಬೆಳಿಗ್ಗೆ ನಾನು ಆ ಗೋಡೆಯ ಮುಂದೆ ತಲೆ ತಗ್ಗಿಸಿಕೊಂಡು ಹಾದುಹೋಗುತ್ತೇನೆ. ಅಲ್ಲಿ ಬೇರೆ ದಾರಿಯಿಲ್ಲ.

ಬಂಗಲೆಯ ಕೆಲಸ ನನಗೇ ಸಿಕ್ಕಿತು. ಮಾಡಿ ಮುಗಿಸಿದೆ. ಪರೀಕ್ಷೆಯೂ ಆಯಿತು. ಕಳೆದ ತಿಂಗಳು ರಿಜಿಸ್ಟ್ರೇಷನ್ ಬಂತು. ಈಗ ನಾನು ಯಾರ ಹೆದರಿಕೆಯೂ ಇಲ್ಲದೆ ಆರ್ಕಿಟೆಕ್ಟ್ ಎಂದು ಹೇಳಿಕೊಳ್ಳಬಹುದು. ಗಂಡ ಮನೆಯಲ್ಲಿ ಒಂದು ಊಟ ಇಟ್ಟುಕೊಳ್ಳೋಣ ಎಂದ. ಆಫೀಸಿನವರು, ಸ್ನೇಹಿತರು, ಅಧ್ಯಕ್ಷೆಯೂ ಆ ವಾರ ಸಿಡ್ನಿಯಲ್ಲಿರುತ್ತಾರೆ. ಮೊದಲು ಫೋನು ಮಾಡಬೇಕಾದವರು ಯಾರೆಂದು ನನಗೆ ಗೊತ್ತಿತ್ತು. ಮಾಡುವುದಕ್ಕೆ ಎರಡು ದಿನ ಹಿಡಿಯಿತು.

ವಿಷಯ ಹೇಳಿದೆ. ಚಿಕ್ಕಮ್ಮ ಖುಷಿಯಿಂದ ಕಿರುಚಿದರು. ಚಿಕ್ಕಪ್ಪನನ್ನು ಕೂಗಿ ಕರೆದರು. ದೇವರಿಗೆ ದೀಪ ಹಚ್ಚುತ್ತೇನೆ ಎಂದರು. ಅವರು ಸ್ವಲ್ಪ ಸುಮ್ಮನಾದ ಮೇಲೆ ಕೇಳಿದೆ.

"ಇಪ್ಪತ್ತನೇ ತಾರೀಕು ನಮ್ಮನೇಲಿ ಸೆಲೆಬ್ರೇಷನ್ ಚಿಕ್ಕಮ್ಮ. ನಿಮಗಿಬ್ರಿಗೂ ಬರೋಕೆ ಆಗುತ್ತಾ?"

ಫೋನಿನ ಆಚೆ ಅವರು ಟಿ.ವಿ.ಯ ಸದ್ದು ಕಡಿಮೆ ಮಾಡಿದರು.

"ಯಾವ ಬರೋಕೇ, ಪುಟ್ಟಿ?"

ಚುಚ್ಚಿ ಕೇಳಿದ್ದಲ್ಲ. ಚುಚ್ಚುವ ದನಿ ನನಗೆ ಗೊತ್ತಿಲ್ಲವೇ? ತಿಳಿದುಕೊಳ್ಳುವುದಕ್ಕಾಗಿಯೇ ಕೇಳಿದ್ದು.

"ನಮ್ಮನೆಗೆ ಬರೋಕೆ" ಎಂದೆ. "ನೀವು ಬರೋಕೆ ಚಿಕ್ಕಮ್ಮ. ನೀವು ಬರ್ಲೇಬೇಕು."

"ಬರ್ತೀವಿ ಕಣೇ, ಬರ್ದೇ ಏನು. ಟಿಕೆಟ್ ಬುಕ್ ಮಾಡಿಸ್ತೀನಿ" ಎಂದರು. ಆಮೇಲೆ ದನಿ ತಗ್ಗಿಸಿ, ಪಕ್ಕದಲ್ಲಿದ್ದ ಚಿಕ್ಕಪ್ಪನಿಗೆ ಕೇಳಬಾರದು ಅನ್ನುವ ಹಾಗೆ, ಮೆಲ್ಲಗೆ ಕೇಳಿದರು:

"ಅಲ್ಲಿ ಯಾರಾದ್ರೂ ಕೇಳಿದ್ರೆ, ನಾನು ಯಾರು ಅಂತ ಹೇಳ್ಲಿ?"